ಬುನಾದಿ ಬಿಲ್ ಬಂತು, ಮುಂದಿನದು ಯಾವಾಗ?

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಬಸವ ವಸತಿ ಯೋಜನೆಯಲ್ಲಿ ನನ್ನ ಹೆಸರಿಗೆ ಮನೆ ಮಂಜೂರಾಗಿದೆ. ಹಳೇ ಮಣ್ಣಿನ ಮನೆ ಕೆಡವಿ ಬುನಾದಿ ಹಾಕಿದೆವು, ಒಂದು ಬಿಲ್ (ಕಂತಿನ ಹಣ) ಬಂತು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಮುಂಚೆ ಸಾಲ ಮಾಡಿ ಲಿಂಟಲ್ ಮಟ್ಟದವರೆಗೆ ಗೋಡೆ ಏರಿಸಿದೆವು. ವಾಪಸ್ ಬಂದು ನೋಡಿದರೆ ಎರಡನೇ ಬಿಲ್ ಇಲ್ಲ. ‘ಮೇಲಿಂದ ಹಣ ಬಂದಿಲ್ಲ’ ಅಂತಾರೆ. ಮಂಜೂರಾದ ಮನೆಗೆ ಹಣ ಕೊಡಲೇಬೇಕು ಅಂತ ಕಾನೂನು ಇಲ್ವಾ?

ಉತ್ತರ: ಅಕ್ಕಾ, ಇಂಥ ಯೋಜನೆಗಳು ನಡೆಯುವುದು ಸರ್ಕಾರದ ಆದೇಶಗಳ ಮೇಲೆ, ತಮ್ಮದೇ ಆದ ಕಾಯ್ದೆಯ ಮೇಲಲ್ಲ. ಹಣದ ಕಾಯ್ದೆ ಬೇರೆ ಇದೆ. ಸಂವಿಧಾನದ 266ನೇ ವಿಧಿ ಪ್ರಕಾರ, ಶಾಸನಸಭೆ ಒಪ್ಪದೆ ಖಜಾನೆಯಿಂದ ಒಂದು ರೂಪಾಯಿಯೂ ಹೊರಬರುವಂತಿಲ್ಲ. ಅದಕ್ಕೇ ಬಜೆಟ್ ಜೊತೆ ಪ್ರತಿ ವರ್ಷ ಧನವಿನಿಯೋಗ ಕಾಯ್ದೆ ಪಾಸಾಗುತ್ತದೆ. ಅದರ ಆಯಸ್ಸು ಮಾರ್ಚ್ 31ರವರೆಗೆ. ಬಡವರ ಮನೆ ಏಳುವುದಕ್ಕೆ ಎರಡು ವರ್ಷ ಹಿಡಿದರೆ, ಅದರ ಹಣ ಎರಡು ಬಜೆಟ್ ದಾಟಿ ಬರಬೇಕು. ಒಮ್ಮೆ ಕೆಲಸದ ಆದೇಶ ಕೊಟ್ಟ ಮೇಲೆ ಉಳಿದ ಕಂತುಗಳನ್ನು ಮೊದಲ ಬಾಕಿ ಎಂದು ತೀರಿಸಲು ಕಾಯ್ದೆಯೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಾಲದ ಬಡ್ಡಿ ಬಜೆಟ್‌ಗೆ ಕಾಯುವುದಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಾತ್ರ 2013ರ ಉಪಯೋಜನೆ ಕಾಯ್ದೆಯ ಆಸರೆ ಇದೆ. ಜನಸಂಖ್ಯೆಗೆ ತಕ್ಕಂತೆ, ಅಂದರೆ 2011ರ ಜನಗಣತಿ ಲೆಕ್ಕದಲ್ಲಿ ಅಭಿವೃದ್ಧಿ ಹಣದಲ್ಲಿ ಶೇ 24.1ರಷ್ಟನ್ನು ಅವರಿಗೇ ಮೀಸಲಿಡಬೇಕು. ಮನೆಗಳಿಗೂ ಅದರಲ್ಲಿ ಪಾಲಿದೆ. ಆದರೆ ಅದು ಇಲಾಖೆಗಳ ಮಟ್ಟದ ಲೆಕ್ಕ. ನಿಮ್ಮ ಪಾಸ್‌ಬುಕ್‌ಗೆ ಇಂಥ ದಿನ ಹಣ ಬೀಳಬೇಕು ಎಂದು ಅದೂ ಹೇಳುವುದಿಲ್ಲ.

ಈಗ ನಿಮ್ಮ ಮನೆ ವಿಷಯ. ‘ಮೇಲಿಂದ ಬಂದಿಲ್ಲ’ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಬುನಾದಿ, ಲಿಂಟಲ್, ಚತ್ತು (ಛಾವಣಿ), ಪೂರ್ತಿ ಮನೆ, ಹೀಗೆ ನಾಲ್ಕು ಹಂತದಲ್ಲಿ ಬಿಲ್ ಆಗುತ್ತದೆ. ಪ್ರತಿ ಹಂತಕ್ಕೂ ಪಂಚಾಯ್ತಿಯವರು ಜಾಗಕ್ಕೆ ಬಂದು ಜಿಪಿಎಸ್ ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕು. ನೀವು ಕಬ್ಬಿನ ಗದ್ದೆಯಲ್ಲಿದ್ದಾಗ ಲಿಂಟಲ್ ಫೋಟೊ ಆಗಿದೆಯೇ? ಆಗಿಲ್ಲದಿದ್ದರೆ ಗೋಡೆ ಎಷ್ಟು ಎತ್ತರ ಎದ್ದಿದ್ದರೂ ಹಣ ಬಿಡುಗಡೆ ಮಾಡುವ ರಾಜೀವ್ ಗಾಂಧಿ ವಸತಿ ನಿಗಮದ ಲೆಕ್ಕದಲ್ಲಿ ನಿಮ್ಮ ಮನೆ ಇನ್ನೂ ಬುನಾದಿಯಲ್ಲೇ ಇದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೂ ಬಿಲ್ ನಿಲ್ಲುತ್ತದೆ. ತವರಿನ ಅಡ್ಡಹೆಸರು ಒಂದರಲ್ಲಿ, ಗಂಡನ ಮನೆಯದು ಇನ್ನೊಂದರಲ್ಲಿ ಇರುವುದು ನಮ್ಮ ಕಡೆ ಜಾಸ್ತಿ. ಮೊದಲು ಇದನ್ನೇ ನೋಡಿ.

ಮಂಜೂರಾತಿ ಪತ್ರದಲ್ಲಿ ಮನೆ ಕೋಡ್ ಇರುತ್ತದೆ. ಅದನ್ನು ಬರೆದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಿ, ಸೀಲ್ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ, ಅಲ್ವಾ? ಉತ್ತರ ಬರದಿದ್ದರೆ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಬಳಿ ಹೋಗಿ. ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ‘ನನ್ನ ಲಿಂಟಲ್ ಫೋಟೊ ಯಾವ ದಿನ ಅಪ್‌ಲೋಡ್ ಆಗಿದೆ, ಬಿಲ್ ಯಾರ ಹಂತದಲ್ಲಿದೆ’ ಎಂದಷ್ಟೇ ಕೇಳಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ನಿಮ್ಮಂತೆ ಬಾಕಿ ಇರುವವರೆಲ್ಲ ಅಲ್ಲಿ ಒಟ್ಟಿಗೆ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ.

ಇನ್ನೊಂದು ಮಾತು. ಈ ಬಿಲ್ ಬರುವವರೆಗೆ ಚತ್ತಿಗಾಗಿ ಮತ್ತೆ ಬಡ್ಡಿ ಸಾಲ ಮಾಡಬೇಡಿ. ಮುಂದಿನ ಸಲ ಗುಳೆ ಹೋಗುವಾಗ ಗೌಂಡಿಗೆ ಲೆಕ್ಕ ಚುಕ್ತಾ ಮಾಡುವ ಮುಂಚೆಯೇ ಫೋಟೊ ತೆಗೆಸಿಕೊಳ್ಳಿ.

ಪ್ರಶ್ನೆ: ನಮ್ಮ ತಾಂಡಾಕ್ಕೆ 2023ರಲ್ಲಿ ಹಕ್ಕುಪತ್ರ ಬಂದಿದೆ. ಅದರ ಜೊತೆ ಮನೆಯೂ ಸಿಗುತ್ತದೆಯೇ?

ಉತ್ತರ: ತಾನಾಗಿ ಸಿಗುವುದಿಲ್ಲ. ಹಕ್ಕುಪತ್ರದಿಂದ ಜಾಗ ನಿಮ್ಮದಾಯಿತು. ಮನೆ ಬೇಕಾದರೆ ಗ್ರಾಮಸಭೆಯ ಪಟ್ಟಿಯಲ್ಲಿ ಹೆಸರು ಸೇರಬೇಕು. ಪಂಚಾಯ್ತಿಯ ಇ-ಸ್ವತ್ತು ದಾಖಲೆಯಲ್ಲಿ ಜಾಗ ನಿಮ್ಮ ಹೆಸರಿಗೆ ಬಂದಿದೆಯೇ ಎಂದು ಈಗಲೇ ನೋಡಿಕೊಂಡು, ಹಕ್ಕುಪತ್ರದ ಜೆರಾಕ್ಸ್ ಇಟ್ಟು ಅರ್ಜಿ ಹಾಕಿ.