ಗೇಮ್ ಕನ್ಸೋಲ್ ತೋರಿಸ್ತಾರೆ, ರೇಟ್ ಮಾತ್ರ ಕೊನೇವರೆಗೂ ಯಾಕೆ ಹೇಳಲ್ಲ?

ಮೊದಲು ರೇಟ್ ಹೇಳಿದವನಿಗೇ ಲಾಸು, ಅದಕ್ಕೇ ಕನ್ಸೋಲ್ ಕಂಪನಿಯವ್ರು ಎದುರಾಳಿ ಮೊದಲು ಬಾಯಿ ಬಿಡ್ಲಿ ಅಂತ ಕಾಯ್ತಾರೆ. ಒಳಗಿನ ಚಿಪ್ಪು, ಡಿಸೈನು ಎಲ್ಲಾ ತುಂಬಾ ಮುಂಚೇನೇ ಫಿಕ್ಸ್ ಆಗಿರತ್ತೆ, ಕೊನೇ ಗಳಿಗೇಲಿ ಬದಲಾಯಿಸಕ್ಕಾಗಲ್ಲ, ಆದ್ರೆ ರೇಟ್ ಇಳಿಸ್ಬೋದು, ಯಾಕಂದ್ರೆ ಇವ್ರಿಗೆ ದುಡ್ಡು ಬರೋದು ಹೆಚ್ಚಾಗಿ ಗೇಮ್‌ಗಳಿಂದ, ಕನ್ಸೋಲನ್ನ ಎಷ್ಟೋ ಸಲ ಶುರುವಲ್ಲಿ ಲಾಸಲ್ಲೇ ಮಾರ್ತಾರೆ.

1995ರ ಮೇನಲ್ಲಿ ಲಾಸ್ ಏಂಜಲೀಸ್‌ನ ಇ3 ಅನ್ನೋ ವಿಡಿಯೋ ಗೇಮ್ ಶೋನಲ್ಲಿ ಸೆಗಾ ಕಂಪನಿಯವ್ರು, ನಮ್ ಹೊಸ ಕನ್ಸೋಲ್ ಸ್ಯಾಟರ್ನ್ ಬೆಲೆ 399 ಡಾಲರ್, ಈಗಾಗ್ಲೇ ಅಂಗಡೀಗೆ ಬಂದಿದೆ ಅಂತ ಎಲ್ರಿಗೂ ಶಾಕ್ ಕೊಟ್ರು. ಆಮೇಲೆ ಸೋನಿಯ ಸ್ಟೀವ್ ರೇಸ್ ಸ್ಟೇಜಿಗೆ ಬಂದು ತಮ್ಮ ಪ್ಲೇಸ್ಟೇಷನ್ ಕನ್ಸೋಲ್‌ಗೆ 299 ಅಂದ್ರು, ಅಷ್ಟೇ, ಇಳ್ದು ಹೋದ್ರು! ಸೆಗಾಗೆ ಅದೊಂದೇ ಏಟಲ್ಲ, ಹೇಳ್ದೆ ಕೇಳ್ದೆ ಲಾಂಚ್ ಮಾಡಿದ್ರಿಂದ ಕೆಲವೇ ಅಂಗಡಿಗಳಿಗೆ ಸ್ಟಾಕ್ ಹೋಗಿತ್ತು, ಸಿಗದೇ ಇದ್ದೋರು ಮುನಿಸ್ಕೊಂಡ್ರು, ಹೊರಗಿನ ಗೇಮ್ ಕಂಪನಿಗಳೂ ರೆಡಿ ಇರ್ಲಿಲ್ಲ. ನನ್ ಪ್ರಕಾರ ಸರ್ಪ್ರೈಸ್ ಕೊಡಕ್ಕೆ ಹೋಗಿ ಕಾಲ್ಮೇಲೆ ಕಲ್ಲು ಹಾಕ್ಕೊಂಡ್ರು.

2013ರ ಜೂನಲ್ಲೂ ಅದೇ ಕಥೆ, ಮೈಕ್ರೋಸಾಫ್ಟ್ ತನ್ನ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ 499 ಡಾಲರ್ ಅಂತ ಬೆಳಗ್ಗೆ ಹೇಳಿದ್ರೆ ಸಂಜೆ ಸೋನಿ ಪ್ಲೇಸ್ಟೇಷನ್ 4ಗೆ 399 ಅಂತು (ಎಕ್ಸ್‌ಬಾಕ್ಸ್ ಜೊತೆ ಕಿನೆಕ್ಟ್ ಕ್ಯಾಮೆರಾ ತಗೊಳ್ಳೇಬೇಕಿತ್ತು, ಅದ್ರ ಭಾರಾನೂ ಸೇರಿತ್ತು). ಅದಕ್ಕೇ 2020ರಲ್ಲಿ ಹೊಸ ಕನ್ಸೋಲ್‌ಗಳಿಗೆ ನವೆಂಬರ್ ಲಾಂಚ್ ಇಟ್ಕೊಂಡು ಇಬ್ರೂ ಸೆಪ್ಟೆಂಬರ್‌ವರೆಗೆ ರೇಟ್ ಬಗ್ಗೆ ಗಪ್‌ಚುಪ್.