ಮರ ಕಡಿದು ಹಕ್ಕಿ ಉಳಿಸೋದಾ?

ಪ್ರಶ್ನೆ: ಸರ್, ನನ್ನ ಮಗಳು ಸ್ಕಾಟ್ಲೆಂಡ್‌ನಲ್ಲಿದ್ದಾಳೆ. ಅಲ್ಲಿ ಹಕ್ಕಿಗಳಿಗಾಗಿ ಮರ ಕಡಿಯುತ್ತಾರಂತೆ. ನಿಜವೇ? (ಓದುಗರು, ಶಿರಸಿ)

ಉತ್ತರ: ನಿಜ. ಸ್ಕಾಟ್ಲೆಂಡ್‌ನ ಉತ್ತರ ತುದಿಯಲ್ಲಿ ಫ್ಲೋ ಕಂಟ್ರಿ ಅಂತ ದೊಡ್ಡ ಜೌಗು ಬಯಲಿದೆ. ಕಾಲಿಟ್ಟರೆ ಸ್ಪಂಜಿನ ಹಾಗೆ ನೀರು ಉಕ್ಕುವ ಪಾಚಿ ನೆಲ. ಅಲ್ಲಿ ಗೋಲ್ಡನ್ ಪ್ಲವರ್ ಅನ್ನೋ ಹಕ್ಕಿ ನೆಲದಲ್ಲೇ ಸಣ್ಣ ಗುಳಿ ಮಾಡಿ, ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ. ನಮ್ಮ ಹೊಲದ ಟಿಟ್ಟಿಭ ಇಡಲ್ವಾ, ಹಾಗೇ. ಚುಕ್ಕೆ ಚುಕ್ಕೆ ಮೊಟ್ಟೆ, ಪಕ್ಕದಲ್ಲೇ ನಿಂತರೂ ಕಾಣೋದಿಲ್ಲ.

1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಅಲ್ಲಿ ನೀರು ಬಸಿಯುವ ಕಾಲುವೆ ತೋಡಿ, ಸ್ಪ್ರೂಸ್, ಪೈನ್ ಮರ ನೆಟ್ಟರು. 1988ರಲ್ಲಿ ರಿಯಾಯಿತಿ ನಿಂತಿತು, ಮರಗಳು ಉಳಿದವು. ನೆಟ್ಟ ಜಾಗವಷ್ಟೇ ಹೋಗಿದ್ದಲ್ಲ. ತೋಪಿನ ಅಂಚಿನಿಂದ ಸುಮಾರು 700 ಮೀಟರ್‌ವರೆಗೂ ಈ ಹಕ್ಕಿ ಕಡಿಮೆ ಅಂತ ಅಧ್ಯಯನದಲ್ಲಿ ಕಂಡಿದೆ. ಮರ ಅಂದರೆ ಮೊಟ್ಟೆ, ಮರಿ ತಿನ್ನುವ ಕಾಗೆಗೆ ಕೂತು ನೋಡುವ ಜಾಗ, ನರಿಗೆ ಅಡಗುವ ಜಾಗ.

ನರಿ, ಕಾಗೆ ತಗ್ಗಿಸಿದರೆ ಸಾಕಲ್ವಾ ಅಂತ ಕೇಳಬಹುದು. ಇಂಗ್ಲೆಂಡ್‌ನ ಆಟರ್‌ಬರ್ನ್‌ನಲ್ಲಿ 2000ರಿಂದ 2008ರವರೆಗೆ ಅದನ್ನೇ ಮಾಡಿ ನೋಡಿದರು. ನೆಲದಲ್ಲೇ ಗೂಡು ಮಾಡುವ ಕರ್ಲ್ಯೂ, ಲ್ಯಾಪ್‌ವಿಂಗ್ ಹಕ್ಕಿಗಳು ಮರಿ ಬೆಳೆಸುವುದು ಸರಾಸರಿ ಮೂರು ಪಟ್ಟಾಯಿತು. ಆದರೆ ಅದನ್ನು ಪ್ರತಿ ವರ್ಷ ಮಾಡ್ತಾನೇ ಇರಬೇಕು. ನನಗಂತೂ ತಪ್ಪು ಜಾಗದ ಮರ ತೆಗೆಯುವುದೇ ಸರಿ ಅನ್ನಿಸುತ್ತದೆ. ಫ್ಲೋ ಕಂಟ್ರಿಯ ಫಾರ್ಸಿನಾರ್ಡ್‌ನಲ್ಲಿ ಮರ ಕಡಿದು, ಕಾಲುವೆಗೆ ಒಡ್ಡು ಹಾಕಿ ನೀರು ನಿಲ್ಲಿಸಿದ್ದಾರೆ. ಮಗಳು ಮೇ ತಿಂಗಳಲ್ಲಿ ಅಲ್ಲಿಗೆ ಹೋದರೆ ಕಾಲುದಾರಿ ಬಿಟ್ಟು ಇಳಿಯಬೇಡ ಅಂತ ಹೇಳಿ. ಹೆಜ್ಜೆಯ ಕೆಳಗೇ ಗೂಡಿರಬಹುದು.