ಒಂದೇ ಊರಲ್ಲಿ ಕೂತು ಎರಾಸ್ಮಸ್ ಮುಂಡಸ್ ಮುಗಿಸಬಹುದಾ?

ಪ್ರಶ್ನೆ: ಎರಾಸ್ಮಸ್ ಮುಂಡಸ್ ಜಂಟಿ ಮಾಸ್ಟರ್ಸ್‌ನಲ್ಲಿ (ಐರೋಪ್ಯ ಒಕ್ಕೂಟದ ನೆರವಿನಿಂದ ಬೇರೆ ಬೇರೆ ದೇಶದ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಕೋರ್ಸು) ಓದುತ್ತಿದ್ದೇನೆ. ಸ್ಕಾಲರ್‌ಶಿಪ್ ಇದೆ. ಮೊದಲ ವರ್ಷ ಪೋರ್ಚುಗಲ್, ಎರಡನೇ ವರ್ಷ ಫ್ರಾನ್ಸ್. ಇಲ್ಲಿ ರೂಮು, ಪಾರ್ಟ್‌ಟೈಮ್ ಕೆಲಸ ಎಲ್ಲ ಸರಿಹೋಗಿದೆ. ಇಲ್ಲೇ ಇದ್ದು ಫ್ರಾನ್ಸಿನ ಪಾಠ ಆನ್‌ಲೈನ್‌ನಲ್ಲಿ ಕೇಳಬಹುದಾ?

ಉತ್ತರ: ಆಗಲ್ಲ. ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ ಇದೇ ಉತ್ತರ.

ಸೇರುವಾಗ ನೀವು ಯಾವ ದೇಶದಲ್ಲಿ ವಾಸವಿದ್ದಿರೋ ಅದನ್ನು ಬಿಟ್ಟು ಎರಡು ದೇಶಗಳಲ್ಲಿ ಓದಲೇಬೇಕು. ಎರಡು ವರ್ಷದ ಕೋರ್ಸಿನಲ್ಲಿ ಒಂದೊಂದು ಕಡೆ ಕನಿಷ್ಠ 30 ಕ್ರೆಡಿಟ್, ಅಂದರೆ ಪೂರ್ತಿ ಒಂದು ಸೆಮಿಸ್ಟರ್. ಇದರ ಬದಲಿಗೆ ಆನ್‌ಲೈನ್ ಪಾಠ ನಡೆಯಲ್ಲ ಅಂತ ನಿಯಮದಲ್ಲೇ ಬರೆದಿದೆ. ಕೋರ್ಸಿನ ಕೋಆರ್ಡಿನೇಟರ್‌ಗೆ ನಿಮ್ಮ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಬದಲಿಸುವ ಅಧಿಕಾರ ಅವರಿಗಿಲ್ಲ.

ಖರ್ಚು ಅಂತೀರಾ? ತಿಂಗಳಿಗೆ ಬರುವ 1400 ಯೂರೋದಲ್ಲೇ ಪ್ರಯಾಣ, ವೀಸಾ, ಹೊಸ ಊರಲ್ಲಿ ನೆಲೆ ಮಾಡಿಕೊಳ್ಳುವ ಖರ್ಚು ಎಲ್ಲ ಸೇರಿದೆ. ಬೇರೆ ದುಡ್ಡು ಬರಲ್ಲ. ಮೊದಲ ತಿಂಗಳಿಂದಲೇ ಸ್ವಲ್ಪ ಎತ್ತಿಡಿ. ರೂಮಿನ ಕರಾರು ಕೋರ್ಸಿನ ತಿಂಗಳುಗಳಿಗಿಂತ ಜಾಸ್ತಿ ಬರೆಸಬೇಡಿ.

ನನಗೆ ನಿಜವಾಗಿ ಹೆದರಿಕೆ ಇರುವುದು ವೀಸಾ ವಿಷಯದಲ್ಲಿ. ಶಿವಮೊಗ್ಗ ಕಡೆಯ ಒಬ್ಬ ಹುಡುಗಿ ಜುಲೈ ಕೊನೆಯಲ್ಲಿ ನನಗೆ ಫೋನ್ ಮಾಡಿದಳು. ಶೆಂಗೆನ್ ಕಾರ್ಡ್ (ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ಶೆಂಗೆನ್ ದೇಶಗಳಲ್ಲಿ ಒಂದು ಕೊಟ್ಟ ವಾಸದ ಪರ್ಮಿಟ್) ಇದೆಯಲ್ಲ, ಬಸ್ ಹತ್ತಿದರೆ ಮುಂದಿನ ದೇಶ ಅಂತ ಆರಾಮಾಗಿ ಇದ್ದಳು. ಕಾರ್ಡ್ ತಿರುಗಿಸಿ ಓದು ಅಂದೆ. ಅಕ್ಟೋಬರ್‌ಗೆ ಮುಗಿಯುತ್ತಿತ್ತು, ಮೂರನೇ ಸೆಮಿಸ್ಟರಿನ ನಟ್ಟನಡುವೆ. ಕೊನೆಗೆ ಬೆಂಗಳೂರಿಗೆ ಬಂದು ಹೊಸ ವೀಸಾ ಮಾಡಿಸಿದಳು. ಅಷ್ಟರಲ್ಲಿ ಮೂರು ವಾರದ ಲ್ಯಾಬ್ ಹೋಗಿತ್ತು.

ಕಾರ್ಡ್ ತೋರಿಸಿ 180 ದಿನದಲ್ಲಿ 90 ದಿನ ಬೇರೆ ಶೆಂಗೆನ್ ದೇಶಕ್ಕೆ ಹೋಗಿಬರಬಹುದು. ಸೆಮಿಸ್ಟರ್ ಓದಲು ಅದು ಸಾಲದು. ಓದಿಗೆ ಅಂತಲೇ 2016ರ ಐರೋಪ್ಯ ಒಕ್ಕೂಟದ ನಿರ್ದೇಶನ ಒಂದಿದೆ. ಇಂಥ ಜಂಟಿ ಕೋರ್ಸಿನವರು ಅದರಡಿ ಎರಡನೇ ದೇಶದಲ್ಲಿ 360 ದಿನದವರೆಗೆ ಇರಬಹುದು. ಆದರೆ ಮೊದಲ ದೇಶದ ಪರ್ಮಿಟ್ ಜೀವಂತ ಇರಬೇಕು, ಎರಡನೇ ದೇಶ ಕೇಳಿದರೆ ಮೊದಲೇ ತಿಳಿಸಬೇಕು. ಡೆನ್ಮಾರ್ಕ್, ಐರ್ಲೆಂಡ್ ಇದಕ್ಕೆ ಸೇರಿಲ್ಲ, ಅಲ್ಲಿಗೆ ಹೋಗುವವರು ಅವರ ವೀಸಾವನ್ನೇ ಮಾಡಿಸಬೇಕು. ನಾಲ್ಕು ತಿಂಗಳು ಮುಂಚೆ ಶುರು ಮಾಡಿ. ನನ್ನದು ಅತಿ ಎಚ್ಚರಿಕೆ ಅನ್ನಿಸಿದರೆ ಅನ್ನಿಸಲಿ.

ಪ್ರಶ್ನೆ: ಎರಡು ವರ್ಷದಿಂದ ಜರ್ಮನಿಯಲ್ಲಿ ಕೆಲಸದಲ್ಲಿದ್ದೇನೆ. ಆಧಾರ್ ಹಾಸನದ್ದು. ಜರ್ಮನಿಯ ಸೆಮಿಸ್ಟರ್ ಲೆಕ್ಕಕ್ಕೆ ಬರುತ್ತಾ?

ಉತ್ತರ: ಬರಲ್ಲ. ಸೇರುವಾಗಲೂ ಅಲ್ಲೇ ಇದ್ದರೆ ನಿಮ್ಮ ವಾಸ ಜರ್ಮನಿ. ಇನ್ನೆರಡು ದೇಶ ಬೇಕು. ಹಾಸನದ ವಿಳಾಸ ತೋರಿಸಿ ಇದನ್ನು ಮುಚ್ಚಿಡಬೇಡಿ. ಇನ್ನೊಂದು, 12 ತಿಂಗಳ ನಿಯಮ (ಕಳೆದ ಐದು ವರ್ಷದಲ್ಲಿ 12 ತಿಂಗಳಿಗಿಂತ ಹೆಚ್ಚು ಯುರೋಪಿನಲ್ಲಿದ್ದವರನ್ನು ಸ್ಕಾಲರ್‌ಶಿಪ್‌ಗೆ ಬೇರೆ ಗುಂಪಿನಲ್ಲಿ ಲೆಕ್ಕ ಹಾಕುವುದು) ಅಂತ ಈಗಲೂ ಹೆದರಿಸುವವರಿದ್ದಾರೆ. ಅದು ಹಿಂದಿನ ಯೋಜನೆಯದು, 2021ರಿಂದ ಇಲ್ಲ.

ಪ್ರಶ್ನೆ: ದೇಶ ಬದಲಿಸದೇ ಇರಲು ವಿನಾಯಿತಿ ಪತ್ರ ಕೊಡಿಸ್ತೀವಿ ಅಂತ ಕನ್ಸಲ್ಟೆನ್ಸಿಯವರು 60 ಸಾವಿರ ಕೇಳುತ್ತಿದ್ದಾರೆ.

ಉತ್ತರ: ಮೋಸ. ಒಂದು ರೂಪಾಯಿನೂ ಕೊಡಬೇಡಿ.

ಪ್ರಶ್ನೆ: ಥೀಸಿಸ್ ಬೆಂಗಳೂರಿನ ಕಂಪನಿಯಲ್ಲಿ ಮಾಡಬಹುದಾ?

ಉತ್ತರ: ನೀವು ಬೆಂಗಳೂರಿನಿಂದ ಹೋದವರಾದರೆ ಆ ಸೆಮಿಸ್ಟರ್ ಎರಡು ದೇಶದ ಲೆಕ್ಕಕ್ಕೆ ಬರಲ್ಲ. ಆ ಲೆಕ್ಕ ಬೇರೆ ಸೆಮಿಸ್ಟರುಗಳಲ್ಲಿ ತುಂಬಿದ್ದರೆ ಮಾತ್ರ ಕೋಆರ್ಡಿನೇಟರ್‌ನ ಕೇಳಿ. ಒಪ್ಪಿಗೆ ಇಮೇಲ್‌ನಲ್ಲಿ ಬಂದ ಮೇಲೆ ಕಂಪನಿಯ ಪತ್ರಕ್ಕೆ ಸಹಿ ಹಾಕಿ.